ನಲ್ಲಿ ಮನೆಗೆ ಬಂತು, ನೀರಿನ ಲೆಕ್ಕ ಊರಿಗೆ ಬರಲಿ

ಸಂಪಾದಕರಿಗೆ,

ಮಾನ್ಯರೆ,

ಉತ್ತರ ಕನ್ನಡದ ಹಳ್ಳಿಗಳಲ್ಲಿ ಅಂಗಳದಂಚಿಗೆ ನಲ್ಲಿ ಬರುತ್ತಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ'ಯಾಯಿತು. 2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಅದರ ಅವಧಿಯನ್ನು 2028ರವರೆಗೆ ವಿಸ್ತರಿಸಿತು. ಪೈಪು ಹಾಕಿ, ಟ್ಯಾಂಕು ಕಟ್ಟಿ ಮುಗಿದ ಊರುಗಳಲ್ಲಿ ಈಗ ಹಸ್ತಾಂತರದ ಹೊತ್ತು. ಇಲಾಖೆಯಿಂದ ಕಾಗದ ಬರುತ್ತದೆ, ಗ್ರಾಮ ಪಂಚಾಯತಿ ಸಹಿ ಹಾಕುತ್ತದೆ. ಅಂದಿನಿಂದ ಮೋಟಾರ್ ಸುಟ್ಟರೂ ಪೈಪು ಒಡೆದರೂ ಊರೇ ನೋಡಿಕೊಳ್ಳಬೇಕು. ಆ ಸಹಿಗೆ ಮೊದಲು ಮತ್ತು ಸಹಿಯ ನಂತರ ಊರಿನವರು ಮಾಡಬೇಕಾದ ಕೆಲಸದ ಬಗ್ಗೆ ಈ ಪತ್ರ.

ನಾವು ಹೇಳಬೇಕಾದ್ದು ಇಷ್ಟು. ಪ್ರತಿ ಊರಿನಲ್ಲೂ ಒಂದು ನೀರಿನ ಪುಸ್ತಕ ಇರಬೇಕು, ಅದರಲ್ಲಿ ಮೂರು ಅಂಕಿ ಇರಬೇಕು. ಮೂಲದಲ್ಲಿ ದಿನಕ್ಕೆ ಎಷ್ಟು ನೀರು ಹುಟ್ಟುತ್ತದೆ, ಟ್ಯಾಂಕಿಗೆ ಎಷ್ಟು ಬೀಳುತ್ತದೆ, ಕೊನೆಯ ಮನೆಯ ನಲ್ಲಿಯಲ್ಲಿ ಎಷ್ಟು ಸಿಗುತ್ತದೆ. ಈ ಮೂರು ಗೊತ್ತಿಲ್ಲದ ಊರಿನ ನೀರಿನ ಸಭೆಯಲ್ಲಿ ಯಾರ ದನಿ ದೊಡ್ಡದೋ ಅವರ ಮಾತು ನಡೆಯುತ್ತದೆ, ತುದಿಯ ಕೇರಿಯವರು ಕೊಡ ಹಿಡಿದು ವಾಪಸ್ ಹೋಗುತ್ತಾರೆ.

ಈ ಪುಸ್ತಕ ಹಿಡಿಯಬೇಕಾದದ್ದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ಮಿಷನ್‌ನ ಮಾರ್ಗಸೂಚಿಯ ಪ್ರಕಾರ ಅದರಲ್ಲಿ 10ರಿಂದ 15 ಜನ ಇರಬೇಕು: ಪಂಚಾಯತಿ ಸದಸ್ಯರು ಕಾಲು ಭಾಗ ಮೀರಬಾರದು, ಅರ್ಧದಷ್ಟು ಮಹಿಳೆಯರು, ಇನ್ನು ಕಾಲು ಭಾಗ ದುರ್ಬಲ ವರ್ಗದವರು. ಕಾಗದದ ಮೇಲೆ ಸಮಿತಿ ಇದ್ದು, ತಾವು ಸದಸ್ಯರೆಂದು ಸದಸ್ಯರಿಗೇ ಗೊತ್ತಿಲ್ಲದ ಊರುಗಳು ಕಡಿಮೆಯಿಲ್ಲ. ಮಾರ್ಗಸೂಚಿಯಲ್ಲಿ ಇಲ್ಲದಿದ್ದರೂ ಊರಿನವರೇ ಮಾಡಿಕೊಳ್ಳಬಹುದಾದ ಒಂದು ನಿಯಮವಿದೆ. ಪೈಪ್‌ಲೈನಿನ ತುದಿಯಲ್ಲಿರುವ ಮನೆಯ ಒಬ್ಬ ಹೆಂಗಸಿಗೆ ಸಮಿತಿಯಲ್ಲಿ ಖಾಯಂ ಜಾಗ ಕೊಡಿ. ಟ್ಯಾಂಕಿನ ಬುಡದಲ್ಲಿ ಮನೆಯಿರುವವರಿಗೆ ನೀರು ಯಾವಾಗಲೂ 'ಚೆನ್ನಾಗಿ ಬರುತ್ತದೆ'. ಆ ಕೊನೆಯ ನಲ್ಲಿಯ ವರದಿ ಇಲ್ಲದೆ ತಿಂಗಳ ಸಭೆ ಶುರುವಾಗಬಾರದು.

ಮೊದಲ ಅಂಕಿ ಮೂಲದ್ದು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಬ್ಬಿ ನೀರು (ಗುಡ್ಡದ ಬದಿಯಲ್ಲಿ ತಾನಾಗಿ ಜಿನುಗಿ ಹರಿಯುವ ಒರತೆ) ಇರುವ ಊರುಗಳಿಗೆ ಇದನ್ನು ಅಳೆಯಲು ಯಂತ್ರವೇನೂ ಬೇಡ. 20 ಲೀಟರ್ ಬಕೆಟ್ಟು, ಮೊಬೈಲಿನ ಗಡಿಯಾರ, ಇಬ್ಬರು ಜನ ಸಾಕು. ಮೂಲದ ನೀರನ್ನೆಲ್ಲ ಒಂದೇ ಪೈಪಿನಲ್ಲಿ ಬಕೆಟ್ಟಿಗೆ ಬಿಟ್ಟು, ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ನೋಡಿ ಸರಾಸರಿ ಹಿಡಿಯಬೇಕು. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. 60 ಮನೆ, ಮನೆಗೆ ಐವರು ಎಂದರೆ 300 ಜನಕ್ಕೆ 16,500 ಲೀಟರ್ ಬೇಕು. ದೀಪಾವಳಿ ಹೊತ್ತಿಗೆ ಅಳೆದು ಬರೆದರೆ ಎರಡೂವರೆ ಪಟ್ಟು ನೀರಿದೆ ಎಂದು ಯೋಜನಾ ವರದಿ ಸಿದ್ಧವಾಗಿಬಿಡುತ್ತದೆ. ಅದೇ ಅಬ್ಬಿಗೆ ಮೇ ಎರಡನೇ ವಾರ ಅದೇ ಬಕೆಟ್ಟು ಹಿಡಿದು ನೋಡಿ. ತುಂಬಲು ಎರಡೂವರೆ ನಿಮಿಷ ಹಿಡಿಯಿತೆಂದರೆ ನಿಮಿಷಕ್ಕೆ 8 ಲೀಟರ್, ದಿನಕ್ಕೆ 11,520. ಊರಿಗೆ 5,000 ಲೀಟರ್ ಕೊರತೆ. ಹಸ್ತಾಂತರದ ಕಾಗದಕ್ಕೆ ಮೇ ತಿಂಗಳ ಅಳತೆ ಅಂಟಿಸದೆ ಸಹಿ ಹಾಕಬಾರದು ಎನ್ನುವುದು ಇದಕ್ಕೇ.

ಈ 55 ಲೀಟರ್‌ನಲ್ಲಿ ಕೊಟ್ಟಿಗೆಯ ಲೆಕ್ಕ ಇಲ್ಲ ಎನ್ನುವುದನ್ನೂ ಮರೆಯಬಾರದು. ಬೇಸಿಗೆಯಲ್ಲಿ ಹಾಲು ಕರೆಯುವ ಆಕಳಿಗೋ ಎಮ್ಮೆಗೋ ದಿನಕ್ಕೆ 50 ಲೀಟರ್ ಮೇಲೆಯೇ ಬೇಕು. ಎರಡು ಎಮ್ಮೆ ಇರುವ ಮನೆ ಎಂದರೆ ನೀರಿನ ಲೆಕ್ಕದಲ್ಲಿ ಇನ್ನಿಬ್ಬರು ಹೆಚ್ಚು.

ಬಾವಿಯ ಲೆಕ್ಕ ಬೇರೆ. 10 ಅಡಿ ಅಡ್ಡಗಲದ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,200 ಲೀಟರ್. ಪಂಪು ನಿಲ್ಲಿಸಿದ ಕೂಡಲೇ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಮಟ್ಟ ನೋಡಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಅರ್ಧ ಅಡಿ ಏರಿದ್ದರೆ ಒರತೆ ಗಂಟೆಗೆ 1,100 ಲೀಟರ್ ಕೊಡುತ್ತಿದೆ. ಮಟ್ಟ ಏರುತ್ತಾ ಹೋದ ಹಾಗೆ ಒರತೆಯ ಒತ್ತಡ ತಗ್ಗುವುದರಿಂದ ಇದನ್ನು 24ರಿಂದ ಗುಣಿಸಿ ನಂಬಿಕೊಳ್ಳುವ ಹಾಗಿಲ್ಲ, ಸಿಗುವುದು ಅದಕ್ಕಿಂತ ಕಡಿಮೆ. ಅಂಥ ಬಾವಿಗೆ ಗಂಟೆಗೆ 11,000 ಲೀಟರ್ ಎಳೆಯುವ ಪಂಪು ಕೂರಿಸಿದರೆ ಒಂದು ಗಂಟೆ ಎಳೆದ ನೀರು ತಿರುಗಿ ತುಂಬಲು ಹತ್ತು ಗಂಟೆಯ ಮೇಲೆ ಬೇಕು. ಸಣ್ಣ ಪಂಪು, ಹೆಚ್ಚು ಹೊತ್ತು: ನಮ್ಮ ಕಡೆಯ ಬಾವಿಗಳಿಗೆ ಒಗ್ಗುವ ಪದ್ಧತಿ ಇದು. ದೊಡ್ಡ ಪಂಪು ಗಾಳಿ ಎಳೆದು ಬಿಸಿಯಾಗಿ ಸುಡುತ್ತದೆ, ದೂರು ಮಾತ್ರ ಕರೆಂಟಿನ ಮೇಲೆ ಬೀಳುತ್ತದೆ.

ಕರಾವಳಿಯಲ್ಲಿ ಈ ಮಾತು ಇನ್ನೂ ಗಟ್ಟಿ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರ ಮತ್ತು ಅಳಿವೆಯ ಹತ್ತಿರದ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಹೆಚ್ಚುಕಡಿಮೆ 40 ಅಡಿ ಸಿಹಿನೀರಿನ ಪದರ ಇರುತ್ತದೆ. ಮೇಲಿನ ಒಂದು ಅಡಿಯನ್ನು ಎಳೆದುಬಿಟ್ಟರೆ ಕೆಳಗಿನ ಉಪ್ಪು ಅದರ 40 ಪಟ್ಟು ಮೇಲೇರಲು ಹೊರಡುತ್ತದೆ. 'ನೀರು ಕಡಿಮೆಯಾಯಿತು, ಇನ್ನೂ ಆಳ ತೆಗೆಯೋಣ' ಎನ್ನುವುದು ಘಟ್ಟದ ಮೇಲೆ ಕೆಲವೊಮ್ಮೆ ಸರಿ, ಕುಮಟಾ, ಅಂಕೋಲೆಯ ಕಡಲಂಚಿನಲ್ಲಿ ಕೈಯಾರೆ ಬಾವಿ ಕೆಡಿಸಿಕೊಳ್ಳುವ ದಾರಿ. ಇಲ್ಲಿ ಬಾವಿ ಅಗಲವಾಗಿರಬೇಕು, ಆಳವಾಗಿರಬಾರದು. ಪಂಪು ಸಣ್ಣದಿರಬೇಕು, ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ಕೆಳತುದಿಯ ವಾಲ್ವ್) ತಳಕ್ಕೆ ತಾಗದೆ ಮೇಲೆಯೇ ಇರಬೇಕು. ಸಮಿತಿಯ ಹತ್ತಿರ ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಇರಲಿ. ಫೆಬ್ರುವರಿಯಿಂದ ವಾರಕ್ಕೊಮ್ಮೆ, ಉಬ್ಬರದ ಹೊತ್ತು ಒಂದು ಸಲ, ಇಳಿತದ ಹೊತ್ತು ಒಂದು ಸಲ ಅಳೆದು ಬರೆಯಲಿ. ಕುಡಿಯುವ ನೀರಿನ ಭಾರತೀಯ ಮಾನಕ ಟಿಡಿಎಸ್‌ಗೆ ಲೀಟರ್‌ಗೆ 500 ಮಿಲಿಗ್ರಾಂ, ಕ್ಲೋರೈಡ್‌ಗೆ 250 ಎನ್ನುತ್ತದೆ. ಬೇರೆ ಮೂಲವೇ ಇಲ್ಲದ ಕಡೆ 2,000 ಮತ್ತು 1,000ದವರೆಗೆ ಒಪ್ಪುತ್ತದೆ. ಅಂಕಿ ವಾರದಿಂದ ವಾರಕ್ಕೆ ಏರುತ್ತಿದೆ ಎಂದರೆ ನಾಲಿಗೆಗೆ ಉಪ್ಪು ತಾಗುವ ಮೊದಲೇ ಪಂಪಿನ ಹೊತ್ತು ಅರ್ಧಕ್ಕೆ ಇಳಿಸಬೇಕು. ನಾಲಿಗೆಗೆ ತಿಳಿದ ಮೇಲೆ ಇಳಿಸಿದರೆ ಆ ಬಾವಿ ಮುಂದಿನ ಮಳೆಯವರೆಗೆ ಸುಧಾರಿಸಿಕೊಳ್ಳುವುದಿಲ್ಲ. ಅಘನಾಶಿನಿ ಅಳಿವೆಯ ಗಜನಿ (ಉಪ್ಪುನೀರಿಗೆ ಕಟ್ಟೆ ಹಾಕಿ ಬೆಳೆಯುವ ತಗ್ಗಿನ ಗದ್ದೆ) ಊರುಗಳಲ್ಲಿ ಕಟ್ಟೆ ಒಡೆದೋ ಬಾಗಿಲು ಕೊಳೆತೋ ಉಪ್ಪುನೀರು ಒಳನುಗ್ಗಿದರೆ ಗದ್ದೆಯ ಜೊತೆಗೆ ಹತ್ತಿರದ ಬಾವಿಯೂ ಹೋಗುತ್ತದೆ. ಹಾಗಾಗಿ ಗಜನಿ ಕಟ್ಟೆಯ ದುರಸ್ತಿ ನೀರು ಸಮಿತಿಯ ಕೆಲಸವೂ ಹೌದು.

ಅಬ್ಬಿಗೆ ತಿರುಗಿ ಬರೋಣ. ಅದರ ಬಾಯಿ ಕಟ್ಟುವುದರಲ್ಲಿ ಆಗುವ ತಪ್ಪುಗಳನ್ನು ಹೇಳಲೇಬೇಕು. ಚಿರೆಕಲ್ಲಿನ (ಜಂಬಿಟ್ಟಿಗೆ) ಪದರದ ಅಡಿಯಲ್ಲಿ ಜೇಡಿಯ ಮೇಲೆ ನೀರು ಜಿನುಗುವ ಸಂದು ಇರುತ್ತದಲ್ಲ, ಕಣ್ಣು ಅದೇ. ಮಣ್ಣನ್ನು ಹಿಂದಕ್ಕೆ ಬಿಡಿಸುತ್ತಾ ಆ ಕಣ್ಣಿನವರೆಗೆ ಹೋಗಬೇಕು, ಕೆಳಕ್ಕೆ ಅಗೆಯಬಾರದು. ಜೇಡಿಯ ಪದರ ತೂತಾದರೆ ನೀರು ಇನ್ನೂ ಕೆಳಗೆ ದಾರಿ ಹುಡುಕಿಕೊಳ್ಳುತ್ತದೆ. ಕಣ್ಣಿನ ಮುಂದೆ ತೊಳೆದ ಕಲ್ಲು ತುಂಬಿ, ಬೆನ್ನಿಗೆ ಮತ್ತು ಅಕ್ಕಪಕ್ಕಕ್ಕೆ ತುಳಿದ ಜೇಡಿ ಹೊಡೆದು, ಮುಂದೊಂದು ಸಣ್ಣ ತೊಟ್ಟಿ ಕಟ್ಟಿ ಮುಚ್ಚಳ ಹಾಕಬೇಕು. ತೊಟ್ಟಿಯ ಹೆಚ್ಚುವರಿ ನೀರು ಹೊರಹೋಗುವ ಪೈಪು ಕಣ್ಣಿಗಿಂತ ಕೆಳಮಟ್ಟದಲ್ಲೇ ಇರಬೇಕು. ಹೆಚ್ಚು ನೀರು ನಿಲ್ಲಲಿ ಎಂದು ಗೋಡೆ ಎತ್ತರಿಸಿ ಆ ಪೈಪನ್ನು ಮೇಲೆ ಕೂರಿಸಿದರೆ ನಿಂತ ನೀರು ಕಣ್ಣನ್ನು ಹಿಂದಕ್ಕೆ ಒತ್ತುತ್ತದೆ, ಒಂದೆರಡು ಮಳೆಗಾಲದಲ್ಲಿ ನೀರು ಪಕ್ಕದ ಧರೆಯಲ್ಲಿ ಎದ್ದು ತೊಟ್ಟಿ ಒಣಗುತ್ತದೆ. ಅಬ್ಬಿ 'ಮುನಿಸಿಕೊಂಡಿತು' ಎನ್ನುತ್ತಾರೆ. ಹೆಚ್ಚಿನ ಕಡೆ ಕಾರಣ ಈ ಗೋಡೆಯೇ. ತೊಟ್ಟಿಯ ಮೇಲ್ಭಾಗದಲ್ಲಿ ಹತ್ತು ಮೀಟರ್ ದೂರಕ್ಕೆ ಮಳೆನೀರು ತಿರುಗಿಸುವ ಒಂದು ಕಾಲುವೆ, ಸುತ್ತ ದನ ನುಗ್ಗದ ಬೇಲಿ ಬೇಕು. ಏರಿನ ಮೇಲೆ ಕೊಟ್ಟಿಗೆ, ಗೊಬ್ಬರದ ಗುಂಡಿ, ಶೌಚದ ಗುಂಡಿ ಇರಲೇಬಾರದು. ಪೈಪಿನ ಬಾಯಿಗೆ ಜಾಲರಿ ಹಾಕಿ, ಮೃಗಶಿರಾ ಮಳೆ ಹಿಡಿದ ಮೇಲೆ ವಾರಕ್ಕೆರಡು ಸಲ ಸೊಪ್ಪು ತೆಗೆಯಬೇಕು.

ಇನ್ನು ಪೈಪು. ನೀರು 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ ಒತ್ತಡ. ಮೂಲದಿಂದ ಕೆಳಗಿನ ಕೇರಿಗೆ 80 ಮೀಟರ್ ಇಳಿಜಾರಿದ್ದರೆ ತುದಿಯಲ್ಲಿ 8 ಕೆ.ಜಿ. ಅಲ್ಲಿ 6 ಕೆ.ಜಿ ತಾಳುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಹಾಕಿದರೂ ಹಗಲೆಲ್ಲ ಏನೂ ಆಗುವುದಿಲ್ಲ, ಏಕೆಂದರೆ ನಲ್ಲಿಗಳು ತೆರೆದಿರುತ್ತವೆ, ನೀರು ಹರಿಯುತ್ತಿರುತ್ತದೆ, ಒತ್ತಡ ಕರಗುತ್ತಿರುತ್ತದೆ. ರಾತ್ರಿ ಎಲ್ಲರೂ ನಲ್ಲಿ ಮುಚ್ಚಿ ಮಲಗಿದ ಮೇಲೆ ನೀರು ನಿಲ್ಲುತ್ತದೆ, ಆಗ ಪೂರ್ತಿ 8 ಕೆ.ಜಿ ಪೈಪಿನ ಮೇಲೆ ಕೂರುತ್ತದೆ. ಬೆಳಗಾಗುವಾಗ ತೋಟದ ಕೆಳಗಿನ ಅಗಳದಲ್ಲಿ ನೀರು ಬುಗ್ಗೆಯಾಗಿ ಎದ್ದಿರುತ್ತದೆ. ಯಾರೋ ಕಿಡಿಗೇಡಿಗಳು ಒಡೆದರು ಎಂದು ಮಾತಾಗುತ್ತದೆ, ಜಾಯಿಂಟು ಹಾಕಿಸಿ ಸಾಕಾಗುತ್ತದೆ. ಪರಿಹಾರ ಒಂದೇ: ಪ್ರತಿ 50 ಮೀಟರ್ ಇಳಿತಕ್ಕೊಂದು ತೆರೆದ ತೊಟ್ಟಿ ಕಟ್ಟಿ ಒತ್ತಡ ಮುರಿಯಬೇಕು. ಐನೂರು ಲೀಟರ್‌ನ ಸಣ್ಣ ತೊಟ್ಟಿ ಸಾಕು, ಫ್ಲೋಟ್ ವಾಲ್ವ್ ಇರಲಿ.

ಪೈಪು ಗುಡ್ಡ ಹತ್ತಿ ಇಳಿಯುವ ಕಡೆ ಎತ್ತರದ ಬಿಂದುವಿನಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ. ಮೂಲದಲ್ಲಿ ನೀರಿದೆ, ಪೈಪು ಒಡೆದಿಲ್ಲ, ಆದರೂ ಕೆಳಗೆ ಸೂಜಿಯಷ್ಟು ನೀರು: ಈ ಲಕ್ಷಣ ಗಾಳಿಯದು. ಅಲ್ಲಿ ಏರ್ ವಾಲ್ವ್ ಬೇಕು. ತಗ್ಗಿನ ಬಿಂದುವಿನಲ್ಲಿ ಹೂಳು ಕೂರುತ್ತದೆ, ಅಲ್ಲಿ ಹೂಳು ಹೊರಬಿಡುವ ವಾಶ್‌ಔಟ್ ವಾಲ್ವ್ ಬೇಕು. ಇವೆರಡೂ ಇಲ್ಲದ ಲೈನನ್ನು ಹಸ್ತಾಂತರದ ವೇಳೆ ಪ್ರಶ್ನಿಸದಿದ್ದರೆ ಆಮೇಲೆ ಊರೇ ಹಣ ಹಾಕಬೇಕು. ಅದೇ ದಿನ ಇನ್ನೂ ಕೆಲವು ಕೇಳಿ ಪಡೆಯಬೇಕು: ಯಾವ ವಾಲ್ವ್ ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಎಷ್ಟು ಇಂಚಿನ ಪೈಪು ಎಂಬ ನಕಾಶೆ, ಪಂಪು ಮತ್ತು ಪ್ಯಾನೆಲ್‌ನ ಗ್ಯಾರಂಟಿ ಕಾರ್ಡು, ನೀರಿನ ಪರೀಕ್ಷೆಯ ವರದಿ. ಊರಿನವರು ತಾವೇ ಆರಿಸಿದ ಮೂರು ಜಾಗದಲ್ಲಿ ಮಣ್ಣು ತೆಗೆಸಿ ಪೈಪಿನ ಆಳ ನೋಡಬೇಕು. ಮೂರು ಅಡಿ ಇರಬೇಕಾದ ಕಡೆ ಒಂದೇ ಅಡಿ ಇದ್ದರೆ ಮುಂದಿನ ರಸ್ತೆ ಕೆಲಸದ ಜೆಸಿಬಿ ಹಲ್ಲಿಗೆ ಆ ಪೈಪು ಸಿಕ್ಕಿಯೇ ಸಿಗುತ್ತದೆ. ನಕಾಶೆಯನ್ನು ಮಡಚಿ ಬೀರುವಿನಲ್ಲಿಡದೆ ಪಂಚಾಯತಿ ಗೋಡೆಗೆ ಹಾಕಿ. ನೀರುಗಂಟಿ ಬದಲಾದ ಊರಿನಲ್ಲಿ ವಾಲ್ವ್ ಹುಡುಕಲು ರಸ್ತೆ ಅಗೆಯುವ ಸ್ಥಿತಿ ಬರುವುದು ನಕಾಶೆ ಇಲ್ಲದ್ದರಿಂದ.

ಎರಡನೇ ಅಂಕಿ ಟ್ಯಾಂಕಿನದು. ಪಂಪು ಇರುವ ಊರುಗಳಲ್ಲಿ ನೀರುಗಂಟಿ ದಿನಾ ಬರೆಯಬೇಕಾದ್ದು ನಾಲ್ಕೇ: ಮೋಟಾರ್ ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು, ಪ್ಯಾನೆಲ್‌ನಲ್ಲಿ ಕಂಡ ವೋಲ್ಟು, ಆಂಪಿಯರ್. ಮೂರು ಫೇಸಿನ 5 ಎಚ್‌ಪಿ ಮೋಟಾರ್ ಪೂರ್ಣ ಹೊರೆಯಲ್ಲಿ ಏಳೆಂಟು ಆಂಪಿಯರ್ ಎಳೆಯುತ್ತದೆ. ಅದು ನಿಧಾನವಾಗಿ ಏರುತ್ತಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ವೋಲ್ಟೇಜ್ ಕುಸಿದಿದೆ. ಇದ್ದಕ್ಕಿದ್ದ ಹಾಗೆ ಇಳಿದರೆ ಮೋಟಾರ್‌ಗೆ ನೀರು ಸಿಗುತ್ತಿಲ್ಲ, ಕೂಡಲೇ ನಿಲ್ಲಿಸಬೇಕು. ನೀರಿಲ್ಲದಾಗ ತಾನೇ ನಿಲ್ಲಿಸುವ ರಿಲೇ ಮತ್ತು ಸಿಂಗಲ್ ಫೇಸ್ ಆದಾಗ ಕಡಿಯುವ ಉಪಕರಣ ಎರಡೂ ಪ್ಯಾನೆಲ್‌ನಲ್ಲಿ ಇರಬೇಕು. ಇವು ಕೆಟ್ಟಾಗ ತಂತಿ ಸುತ್ತಿ ನೇರ ಮಾಡಿಬಿಡುವ ಅಭ್ಯಾಸವನ್ನು ಸಮಿತಿ ಸಹಿಸಬಾರದು. ಮೋಟಾರ್ ಸುಟ್ಟ ದಿನ ತಿರುಗಿ ನೋಡಿದರೆ ಬಹಳ ಸಲ ಕಾಣುವುದು ಆ ತಂತಿಯೇ.

ಸೋರಿಕೆ ಎಷ್ಟೆಂದು ತಿಳಿಯಲು ರಾತ್ರಿಯ ಪರೀಕ್ಷೆ ಮಾಡಬೇಕು. ಹತ್ತು ಗಂಟೆಗೆ ಟ್ಯಾಂಕು ತುಂಬಿಸಿ, ಮೋಟಾರ್ ನಿಲ್ಲಿಸಿ, ಹೊರಹೋಗುವ ವಾಲ್ವ್ ತೆರೆದಿಟ್ಟು, ಎಲ್ಲ ಮನೆಯವರಿಗೂ ನಲ್ಲಿ ಮುಚ್ಚಲು ಹೇಳಿ ಮಟ್ಟ ಗುರುತು ಮಾಡಬೇಕು. ಬೆಳಗಿನ ನಾಲ್ಕಕ್ಕೆ ಮತ್ತೆ ನೋಡಬೇಕು. 5 ಮೀಟರ್ ಅಡ್ಡಗಲದ ದುಂಡು ಟ್ಯಾಂಕಿನಲ್ಲಿ 10 ಸೆಂ.ಮೀ ಇಳಿದಿದ್ದರೆ ಸುಮಾರು 2,000 ಲೀಟರ್ ಮಣ್ಣಿಗೆ ಹೋಗಿದೆ. ಅದು ಆರು ಗಂಟೆಯದು. ಮರುದಿನ ಒಂದೊಂದೇ ಕೇರಿಯ ವಾಲ್ವ್ ಮುಚ್ಚಿ ಇದನ್ನೇ ಮಾಡಿದರೆ ಸೋರಿಕೆ ಯಾವ ಕೇರಿಯಲ್ಲಿದೆ ಎಂದು ಗೊತ್ತಾಗುತ್ತದೆ. ನಮ್ಮ ಕಡೆ ಮನೆಗಳು ಚದುರಿರುವುದರಿಂದ ಒಂದೊಂದು ಮನೆಗೆ ಪೈಪಿನ ಉದ್ದ ಬಯಲುಸೀಮೆಗಿಂತ ಬಹಳ ಹೆಚ್ಚು, ಜಾಯಿಂಟುಗಳೂ ಹೆಚ್ಚು. ಈ ಕಾರಣಕ್ಕೇ ಘಟ್ಟದ ಊರುಗಳಿಗೆ ಮಜರೆಗೊಂದು ಸಣ್ಣ ಯೋಜನೆ ಲೇಸು ಎನ್ನುವುದು ನಮ್ಮ ಅಭಿಪ್ರಾಯ. ಬಹುಗ್ರಾಮ ಯೋಜನೆಯಲ್ಲಿ ಹೊಳೆನೀರು ಬಂದರೂ ಹಳೆಯ ಬಾವಿಯ ಪಂಪನ್ನು ಕಿತ್ತುಹಾಕಬಾರದು. ದೂರದ ಜಾಕ್‌ವೆಲ್‌ನಲ್ಲಿ (ಹೊಳೆಯಿಂದ ನೀರೆತ್ತುವ ಬಾವಿ) ಮಳೆಗಾಲದ ಗಾಳಿಗೆ ಕರೆಂಟು ಹೋದರೆ ಹತ್ತಾರು ಊರಿಗೆ ಒಟ್ಟಿಗೇ ನೀರು ನಿಲ್ಲುತ್ತದೆ.

ಮೂರನೇ ಅಂಕಿ ಕೊನೆಯ ನಲ್ಲಿಯದು, ಸುಲಭದ್ದೂ ಹೌದು. ಐವರ ಮನೆಗೆ ದಿನಕ್ಕೆ 275 ಲೀಟರ್ ಬೇಕು. ನಿಮಿಷಕ್ಕೆ 5 ಲೀಟರ್ ಬಂದರೆ 55 ನಿಮಿಷ ನೀರು ಬಿಟ್ಟರೆ ಸಾಕು. ಹತ್ತು ಲೀಟರ್ ಬಕೆಟ್ಟು ಎರಡು ನಿಮಿಷದಲ್ಲಿ ತುಂಬಬೇಕು, ಅಷ್ಟೇ ಪರೀಕ್ಷೆ. ಮೇಲಿನ ಮನೆಗಳಿಗೆ ಮೂರು ಪಟ್ಟು ಬರುತ್ತಾ ಕೊನೆಯ ಮನೆಗೆ ಬರದಿದ್ದರೆ ಮೂಲದಲ್ಲಿ ನೀರಿಲ್ಲವೆಂದಲ್ಲ, ವಾಲ್ವ್ ಸರಿಯಾಗಿ ಹಂಚುತ್ತಿಲ್ಲ ಎಂದರ್ಥ. ಯಾವ ಕೇರಿಗೆ ವಾಲ್ವ್ ಎಷ್ಟು ಸುತ್ತು ತೆರೆಯಬೇಕು ಎಂದು ಎಣಿಸಿ ಪುಸ್ತಕದಲ್ಲಿ ಬರೆದಿಟ್ಟರೆ ನೀರುಗಂಟಿ ರಜೆ ಹಾಕಿದ ದಿನವೂ ಬೇರೆಯವರು ನೀರು ಬಿಡಬಹುದು.

ತುದಿಗೆ ನೀರು ಸಿಗದಿರಲು ಇನ್ನೊಂದು ದೊಡ್ಡ ಕಾರಣ ನಲ್ಲಿಗೆ ನೇರವಾಗಿ ಹಾಕುವ ಅರ್ಧ ಎಚ್‌ಪಿ ಮೋಟಾರು. ಪಕ್ಕದವರ ಪಾಲು ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದೆ. ಆದರೆ ಆ ಮೋಟಾರ್ ಎಳೆಯುವಾಗ ಪೈಪಿನೊಳಗೆ ನಿರ್ವಾತವಾಗಿ, ಸೋರುವ ಜಾಯಿಂಟಿನ ಮೂಲಕ ಚರಂಡಿಯ ನೀರು ಒಳಕ್ಕೆ ಹೋಗುತ್ತದೆ ಎನ್ನುವುದನ್ನು ಜನಕ್ಕೆ ತಿಳಿಸಿ ಹೇಳಬೇಕು. ಊರಿಗೆ ಭೇದಿ ಹಬ್ಬಲು ಒಂದು ಮೋಟಾರ್ ಸಾಕು. ಎತ್ತರದ ಮನೆಯವರಿಗೆ ನಿಜವಾಗಿ ಕಷ್ಟವಿದ್ದರೆ ನಲ್ಲಿಯ ನೀರು ಮೊದಲು ಡ್ರಮ್ಮಿಗೆ ಬೀಳಲಿ, ಡ್ರಮ್ಮಿನಿಂದ ಪಂಪು ಮಾಡಿಕೊಳ್ಳಲಿ. ಈ ಠರಾವು ಸಮಿತಿಯಲ್ಲಿ ಆಗಿ, ಗ್ರಾಮಸಭೆಯಲ್ಲಿ ಓದಿ, ದಂಡದ ಮೊತ್ತ ಬರೆದು, ಮೊದಲ ಸಲ ಎಚ್ಚರಿಕೆ, ಎರಡನೇ ಸಲ ದಂಡ, ಮೂರನೇ ಸಲ ಸಂಪರ್ಕ ಕಡಿತ ಎಂದು ನಿಗದಿಯಾಗಬೇಕು. ಪಂಚಾಯತಿ ಸದಸ್ಯರ ಮನೆಯಿಂದಲೇ ಪರಿಶೀಲನೆ ಶುರುವಾದರೆ ಉಳಿದವರು ತಕರಾರು ಮಾಡುವುದಿಲ್ಲ.

ಕ್ಲೋರಿನ್ ವಿಷಯದಲ್ಲಿ ಅಂದಾಜು ಕೈ ನಡೆಯುತ್ತಿದೆ, ಅದು ನಿಲ್ಲಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1,000 ಲೀಟರ್‌ಗೆ ಸುಮಾರು ಎರಡೂವರೆ ಗ್ರಾಂ. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಂಜಿಯಂತೆ ಕಲಸಿ, ಆಮೇಲೆ ಬಕೆಟ್ಟು ತುಂಬಿಸಿ ಕಲಕಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಪುಡಿಯನ್ನು ಹಾಗೇ ಚೆಲ್ಲಿದರೆ ಸುಣ್ಣ ಟ್ಯಾಂಕಿನ ತಳಕ್ಕೂ ವಾಲ್ವಿಗೂ ಅಂಟುತ್ತದೆ. ಹಾಕಿ ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ನಂತರ ಕೊನೆಯ ನಲ್ಲಿಯ ನೀರನ್ನು ಪರೀಕ್ಷಾ ಕಿಟ್‌ನ ಗಾಜಿನ ನಳಿಗೆಯಲ್ಲಿ ಹಿಡಿದು ದ್ರಾವಣ ಬಿಟ್ಟು ಬಣ್ಣ ನೋಡಬೇಕು. ಲೀಟರ್‌ಗೆ 0.2 ಮಿಲಿಗ್ರಾಂ ಎಂಬ ಗುರುತಿಗಾದರೂ ಹೊಂದಬೇಕು. ಬಣ್ಣವೇ ಬರದಿದ್ದರೆ ನಡುವೆ ಎಲ್ಲೋ ಕೊಳೆ ಸೇರಿ ಕ್ಲೋರಿನ್ ಖರ್ಚಾಗಿದೆ. ಪೌಡರ್ ಹಳೆಯದಾಗಿರಲೂಬಹುದು. ಆಷಾಢದ ಥಂಡಿಯಲ್ಲಿ ಬಾಯಿ ತೆರೆದಿಟ್ಟ ಚೀಲ ಬೇಗ ಸತ್ವ ಕಳೆದುಕೊಳ್ಳುತ್ತದೆ, ಆಗ 125 ಗ್ರಾಂ ಹಾಕಿದರೂ ಹಾಕಿದ ಹಾಗಲ್ಲ. ಸಣ್ಣ ಚೀಲ ತಂದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಡಬೇಕು. ಪಂಪ್‌ಹೌಸಿನಲ್ಲಿ ಪ್ಯಾನೆಲ್ ಪಕ್ಕ ಇಡಲೇಬಾರದು, ಅದರ ಹೊಗೆಗೆ ತಾಮ್ರದ ಕಾಂಟ್ಯಾಕ್ಟುಗಳು ಹಸಿರುಗಟ್ಟುತ್ತವೆ.

ಚಿರೆಕಲ್ಲು ನೆಲದ ನೀರಿಗೆ ಎರಡು ಸ್ವಭಾವ. ಒಂದು, ಅದು ಹುಳಿ: ಪಿಎಚ್ 6.5ಕ್ಕಿಂತ ಕೆಳಗಿರುವುದು ಸಾಮಾನ್ಯ. ಕಬ್ಬಿಣದ ಜಿಐ ಪೈಪನ್ನು ತಿನ್ನುವುದರಿಂದ ಇಲ್ಲಿ ಎಚ್‌ಡಿಪಿಇ ಪೈಪೇ ಬಾಳುತ್ತದೆ. ಎರಡು, ಕಬ್ಬಿಣದ ಅಂಶ. ಹಿಡಿದಾಗ ತಿಳಿಯಾಗಿದ್ದ ನೀರು ರಾತ್ರಿಯಿಟ್ಟು ಬೆಳಗ್ಗೆ ನೋಡಿದರೆ ತಳದಲ್ಲಿ ಕೆಂಪು ಕೂತಿರುತ್ತದೆ, ಚಹಾ ಕಪ್ಪಾಗುತ್ತದೆ. ಲೀಟರ್‌ಗೆ 1 ಮಿಲಿಗ್ರಾಂ ಮೀರಬಾರದು. ಮೀರಿದರೆ ದುಬಾರಿ ಯಂತ್ರಕ್ಕೆ ಮೊದಲು ಅಗ್ಗದ ಉಪಾಯ ನೋಡಿ: ಟ್ಯಾಂಕಿಗೆ ಬೀಳುವ ಮೊದಲು ತೂತಿನ ತಟ್ಟೆಗಳ ಮೇಲೆ ನೀರನ್ನು ಸುರಿಸಿ ಗಾಳಿ ತಾಗಿಸಿ, ಮರಳಿನ ಪದರದಲ್ಲಿ ಸೋಸುವುದು. ಪ್ರಯೋಗಾಲಯದ ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ಮಳೆಗಾಲಕ್ಕೆ ಮೊದಲೊಮ್ಮೆ ಮತ್ತು ನಂತರವೊಮ್ಮೆ ಆಗಬೇಕು. ಊರಿಗೆ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಮಿಷನ್‌ನಲ್ಲೇ ಇದೆ. ಅವರು ಪರೀಕ್ಷೆ ಮಾಡಿ ಬರೆದದ್ದನ್ನು ಪಂಚಾಯತಿ ಓದಬೇಕು.

ಹಣದ ವಿಷಯ. ನೀರಿನ ಕರ ಹೇಗೆ ನಿಗದಿಯಾಗುತ್ತದೆ ಎಂದು ಕೇಳಿದರೆ 'ಪಕ್ಕದ ಪಂಚಾಯತಿಯಲ್ಲಿ ಇಷ್ಟಿದೆ' ಎಂಬ ಉತ್ತರ ಬರುತ್ತದೆ. ಲೆಕ್ಕ ಹೀಗೆ ಹಾಕಬೇಕು. ಉದಾಹರಣೆಗೆ 120 ಮನೆಯ ಊರು. ತಿಂಗಳಿಗೆ ಕರೆಂಟು 9,000 ರೂಪಾಯಿ, ಪೈಪು, ವಾಲ್ವ್ ದುರಸ್ತಿ 3,000, ಬ್ಲೀಚಿಂಗ್ 400, ಪರೀಕ್ಷೆ 200, ಐದು ವರ್ಷಕ್ಕೊಮ್ಮೆ 60,000ದ ಪಂಪು ಬದಲಿಸಬೇಕೆಂದರೆ ತಿಂಗಳಿಗೆ 1,000 ತೆಗೆದಿಡಬೇಕು. ಒಟ್ಟು 13,600. ಮನೆಗೆ 113 ರೂಪಾಯಿ ಚಿಲ್ಲರೆ. ಮೂವತ್ತು ಮನೆ ಕೊಡದಿದ್ದರೆ ಉಳಿದ 90 ಮನೆಗೆ 151. ನೀರುಗಂಟಿಯ ಸಂಬಳ ಪಂಚಾಯತಿ ಬೇರೆಯಾಗಿ ಕೊಡುತ್ತದೆ ಎಂದಿಟ್ಟುಕೊಂಡು ಈ ಲೆಕ್ಕ. ಪ್ರತಿ ಊರೂ ತನ್ನ ಬಿಲ್ಲು ಮುಂದಿಟ್ಟುಕೊಂಡು ತನ್ನ ಅಂಕಿ ತುಂಬಬೇಕು. ಪಂಪಿನ ನಿಧಿ ಎಂದು ತೆಗೆದಿಟ್ಟದ್ದನ್ನು ಬೇರೆ ಖಾತೆಯಲ್ಲಿ, ಇಬ್ಬರ ಜಂಟಿ ಸಹಿಯಲ್ಲಿ ಇಡದಿದ್ದರೆ ಅದು ಬೀದಿದೀಪಕ್ಕೋ ರಸ್ತೆಗೋ ಹೋಗಿರುತ್ತದೆ, ಏಪ್ರಿಲ್‌ನಲ್ಲಿ ಪಂಪು ಸುಟ್ಟಾಗ ಕೈ ಖಾಲಿ. 15ನೇ ಹಣಕಾಸು ಆಯೋಗವು 2021-26ರ ಅವಧಿಯಲ್ಲಿ ಪಂಚಾಯತಿ ಅನುದಾನದ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟಿತ್ತು. ಆ ಹಣದಲ್ಲಿ ತಮ್ಮ ಮಜರೆಯ ನೀರಿಗೆ ಎಷ್ಟು ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವುದು ಪ್ರತಿಯೊಬ್ಬರ ಹಕ್ಕು.

ಸ್ವಂತ ಅಬ್ಬಿ ಇರುವ ತೋಟದ ಮನೆಯವರು 'ನಮಗೆ ಪಂಚಾಯತಿ ನೀರು ಬೇಡ, ಕರವೂ ಇಲ್ಲ' ಎನ್ನುತ್ತಾರೆ. ಸಂಪರ್ಕ ತೆಗೆದುಕೊಂಡ ಮೇಲೆ ಕನಿಷ್ಠ ಶುಲ್ಕ ಕೊಡಲೇಬೇಕು, ಏಕೆಂದರೆ ಅವರ ಅಬ್ಬಿ ಒಣಗಿದ ವರ್ಷ ಅವರು ತೆರೆಯುವುದು ಇದೇ ನಲ್ಲಿಯನ್ನು. ಇನ್ನೊಂದು ಸೂಕ್ಷ್ಮದ ವಿಷಯ, ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ಅದೇ ಹಳ್ಳದಿಂದ ಎಳೆಯುವ ನೀರು. ಏಪ್ರಿಲ್‌ನಿಂದ ಮಳೆ ಬರುವವರೆಗೆ ಕುಡಿಯುವ ನೀರಿನ ಮೂಲದ ಮೇಲ್ಭಾಗದಲ್ಲಿ ತೋಟದ ಪಂಪು ಯಾವ ಹೊತ್ತು ನಡೆಯಬೇಕು, ಯಾವ ಹೊತ್ತು ನಿಲ್ಲಬೇಕು ಎಂದು ತೋಟದವರನ್ನು ಕೂರಿಸಿ ಫೆಬ್ರುವರಿಯಲ್ಲೇ ಮಾತಾಡಿ ಬರೆದುಕೊಳ್ಳಬೇಕು. ಗಿಡ ಬಾಡುವ ಹೊತ್ತಿಗೆ ಮಾತಾಡಲು ಹೋದರೆ ಯಾರೂ ಕೇಳುವುದಿಲ್ಲ.

ಮೂಲದ ಮೇಲಿನ ಬೆಟ್ಟದ ಬಗ್ಗೆಯೂ ಎರಡು ಮಾತು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡು ನಿಂತ ಜನ ಕಾಡು ಕಡಿದರೆ ಹಳ್ಳ ಒಣಗುತ್ತದೆ ಎಂಬುದನ್ನು ಬಲ್ಲವರು. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ತರಗೆಲೆಯನ್ನು ಪೂರ್ತಿ ಗುಡಿಸಿ ಒಯ್ಯದೆ ಮೂಲದ ಮೇಲ್ಭಾಗದ ಕೆಲವು ಗುಂಟೆಯಲ್ಲಾದರೂ ಬಿಟ್ಟರೆ ಮಳೆ ನೆಲಕ್ಕಿಳಿಯುತ್ತದೆ. ಇಂಗುಗುಂಡಿ ತೋಡುವ ಉತ್ಸಾಹಕ್ಕೆ ಮಾತ್ರ ಒಂದು ಮಿತಿ ಬೇಕು. 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಆದ ಭೂಕುಸಿತ ನೆನಪಿರಲಿ: ದಪ್ಪ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ಉದ್ದುದ್ದ ಕಾಲುವೆ ತೋಡಿ ನೀರು ನಿಲ್ಲಿಸುವುದು ಅಪಾಯ. ಇಂಗಿಸುವ ಕೆಲಸ ಮೇಲಿನ ಸಮತಟ್ಟಿನಲ್ಲಿ ಆಗಲಿ, ಇಳಿಜಾರಿನಲ್ಲಿ ಗಿಡವಷ್ಟೇ ಇರಲಿ.

ಕೊನೆಯದಾಗಿ ಪತ್ರಿಕೆಯಲ್ಲೇ ಒಂದು ಕೋರಿಕೆ. ಮಳೆಗಾಲದಲ್ಲಿ ಲಿಂಗನಮಕ್ಕಿ, ಸೂಪಾ, ಕದ್ರಾ ಜಲಾಶಯಗಳ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ, ಜನ ಅದನ್ನು ನೋಡುತ್ತಾರೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಜಿಲ್ಲಾ ಪುಟದ ಒಂದು ಮೂಲೆಯಲ್ಲಿ ವಾರಕ್ಕೊಮ್ಮೆ ಊರುಗಳ ಈ ಮೂರು ಅಂಕಿಗಳನ್ನು ಅಚ್ಚು ಹಾಕಿ: ಮೂಲದಲ್ಲಿ ಎಷ್ಟು, ಟ್ಯಾಂಕಿಗೆ ಎಷ್ಟು, ಕೊನೆಯ ನಲ್ಲಿಗೆ ಎಷ್ಟು. ಅಳೆದು ಕಳಿಸಲು ನೀರು ಸಮಿತಿಗಳು ಸಿದ್ಧವಾಗುತ್ತವೆ. ಯಾವ ಊರಿಗೆ ಟ್ಯಾಂಕರ್ ಬೇಕು, ಯಾವ ಊರಿಗೆ ಬರೀ ವಾಲ್ವ್ ದುರಸ್ತಿ ಸಾಕು ಎನ್ನುವುದು ತಾಲ್ಲೂಕು ಕಚೇರಿಯವರಿಗೆ ಅದನ್ನು ನೋಡಿಯೇ ತಿಳಿಯುತ್ತದೆ.

ಇಂತಿ,
ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರು,
ಶಿರಸಿ ತಾಲ್ಲೂಕು, ಉತ್ತರ ಕನ್ನಡ